ಬೆಳೆಗೆ ಮೊದಲು ಬದು: ಹೊಸದಾಗಿ ಹೊಲಕ್ಕೆ ಬಂದವರಿಗೆ

ಹೊಸದಾಗಿ ಜಮೀನಿಗೆ ಬಂದವರು ಕೇಳುವ ಮೊದಲ ಪ್ರಶ್ನೆ ಬಹುಪಾಲು ಒಂದೇ: ‘ಇಲ್ಲಿ ಏನು ಬೆಳೆಯಬಹುದು?’ ಎರಡನೆಯದು, ‘ಬೋರ್ ಎಲ್ಲಿ ಹಾಕಿಸಲಿ?’ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ ಮೇಲೆ ಇಂಥ ಪ್ರಶ್ನೆ ಕೇಳುವವರು ಹೆಚ್ಚಿದ್ದಾರೆ. ಅಜ್ಜನ ಕಾಲದ ಮೂರು ಎಕರೆಗೆ ಪಟ್ಟಣದಿಂದ ಮರಳುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಮಾತೊಂದಿದೆ: ಈ ಹೊಲದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ, ಹೋಗುವಾಗ ಏನನ್ನು ಹೊತ್ತುಕೊಂಡು ಹೋಗುತ್ತದೆ?

ಮಳೆಯನ್ನೇ ನೆಚ್ಚಿದ ಎರಡು, ಮೂರು, ಐದು ಎಕರೆ ಖುಷ್ಕಿ ಜಮೀನು, ಅದರಲ್ಲಿ ಮನೆಮಂದಿಯೇ ಕೆಲಸ ಮಾಡುವ ಬೇಸಾಯ. ಈ ಬರಹ ಅಂಥವರಿಗೆ. ನಮ್ಮ ರಾಜ್ಯದಲ್ಲಿ ಇಂಥವರೇ ಹೆಚ್ಚು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ನೀರಾವರಿ ತೋಟದ ವಿಚಾರ ಬೇರೆಯೇ ಆದ್ದರಿಂದ ಅದನ್ನು ಇಲ್ಲಿ ಹೆಚ್ಚು ಮುಟ್ಟುವುದಿಲ್ಲ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಕಾಗದ, ಪೆನ್ನು ಹಿಡಿದು ನೀವೂ ಮಾಡಿ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ನಿಮ್ಮ ಊರಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಒಂದು ಎಕರೆಯ ಮೇಲೆ ಬೀಳುವ ನೀರು 24 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 400 ಟ್ಯಾಂಕರ್! ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೊಡುತ್ತೀರೆಂದು ನೆನೆಸಿಕೊಂಡರೆ, ಬಿಟ್ಟಿಯಾಗಿ ಬಂದದ್ದನ್ನು ಹಳ್ಳಕ್ಕೆ ಕಳಿಸುವುದು ಎಂಥ ನಷ್ಟವೆಂದು ತಿಳಿಯುತ್ತದೆ. ಈಗ ಮಣ್ಣಿನ ಲೆಕ್ಕ. ಎಕರೆಯ ಮೇಲಿನ ಒಂದೇ ಒಂದು ಮಿಲಿಮೀಟರ್ ಪದರ ಕೊಚ್ಚಿಹೋದರೆ ಅದರ ತೂಕ 5 ಟನ್ನಿಗೂ ಹೆಚ್ಚು. ಒಂದು ಮಿಲಿಮೀಟರ್ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೋಗುವುದು ಮೇಲ್ಪದರ; ಗೊಬ್ಬರದ ಸಾರ, ಕೊಳೆತ ಎಲೆ, ನುಣುಪು ಮಣ್ಣು ಎಲ್ಲ ಇರುವುದು ಅಲ್ಲಿಯೇ. ಉಳಿಯುವುದು ಗರಸು. ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಹಾಗಾಗಿ ಹೋದದ್ದು ನಮ್ಮ ಕಾಲಕ್ಕಂತೂ ಹೋದ ಹಾಗೆಯೇ.

ಈ ನಷ್ಟವನ್ನು ಕಣ್ಣಾರೆ ನೋಡುವುದು ಹೇಗೆ? ಉತ್ತಿಟ್ಟ, ಬೆಳೆಯಿಲ್ಲದ ಹೊಲಕ್ಕೆ ಜೋರು ಮಳೆ ನಿಂತ ಮೇಲೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ನೋಡಿ. ಅಲ್ಲಲ್ಲಿ ಸಣ್ಣ ಕಲ್ಲು, ಒಣ ಕಡ್ಡಿ, ಹಳೆ ಕಾಯಿಯ ಸಿಪ್ಪೆ ಇವುಗಳ ಕೆಳಗೆ ಮಣ್ಣು ಪುಟ್ಟ ಕಂಬದಂತೆ ನಿಂತಿರುತ್ತದೆ. ಕಲ್ಲಿನ ಸುತ್ತಲಿನ ಮಣ್ಣು ಎದ್ದು ಹೋಗಿದೆ, ಕಲ್ಲಿನ ಅಡಿಯದು ಮಾತ್ರ ಉಳಿದಿದೆ. ಆ ಕಂಬ ಕಾಲು ಇಂಚು ಎತ್ತರವಿದ್ದರೆ, ಅಲ್ಲಿ ಅಷ್ಟು ಮಣ್ಣು ಕಿತ್ತುಹೋಗಿದೆ ಎಂದರ್ಥ. ಅದು ಹೋದದ್ದು ಹರಿಯುವ ನೀರಿನಿಂದ ಮಾತ್ರ ಅಲ್ಲ. ಮೇಲಿನಿಂದ ಬೀಳುವ ಹನಿ ಬರಿಮಣ್ಣಿಗೆ ಬಡಿದಾಗ ಹೆಂಟೆ ಒಡೆದು ಪುಡಿಯಾಗುತ್ತದೆ, ಆ ನುಣುಪು ಪುಡಿ ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ, ಮೇಲೊಂದು ಹೆಪ್ಪು ಕಟ್ಟುತ್ತದೆ. ಆಮೇಲೆ ಬಿದ್ದ ನೀರು ಇಂಗಲು ದಾರಿಯಿಲ್ಲದೆ ಇಳಿಜಾರು ಹಿಡಿಯುತ್ತದೆ. ಇಷ್ಟು ಗೊತ್ತಾದರೆ ಮುಂದಿನದೆಲ್ಲ ಸುಲಭ: ಹನಿ ನೇರವಾಗಿ ಮಣ್ಣಿಗೆ ಬಡಿಯದಂತೆ ಹೊದಿಕೆ ಬೇಕು, ಹರಿಯುವ ನೀರಿಗೆ ಅಡ್ಡ ಬೇಕು.

ಮೊದಲು ಅಡ್ಡದ ವಿಚಾರ, ಅಂದರೆ ಬದು.

ಇಳಿಜಾರು ಎತ್ತ ಕಡೆಗಿದೆ ಎಂಬುದನ್ನು ಬರಿಗಣ್ಣಿನಿಂದ ಹೇಳುತ್ತೇನೆಂದು ಹೊರಡಬೇಡಿ. ಕಣ್ಣು ಮೋಸ ಮಾಡುತ್ತದೆ. ಮಳೆ ಬರುತ್ತಿರುವಾಗಲೇ ಕಂಬಳಿಯನ್ನೋ ಕೊಡೆಯನ್ನೋ ಹಿಡಿದು ಹೊಲ ಸುತ್ತಿ, ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸೇರುತ್ತದೆ, ಯಾವ ಮೂಲೆಯಲ್ಲಿ ಹೊರಗೆ ಹೋಗುತ್ತದೆ ಎಂದು ಗೂಟ ಹೊಡೆದು ಗುರುತು ಮಾಡಿ. ಮಳೆ ನಿಂತ ಮೇಲೆ ಸಮಮಟ್ಟದ ಗೆರೆ ಹಾಕಿಕೊಳ್ಳಬಹುದು. ಗಾರೆ ಕೆಲಸದವರು ನೀರು ತುಂಬಿಸಿ ಮಟ್ಟ ನೋಡುವ ಪಾರದರ್ಶಕ ಪೈಪು ಸಿಕ್ಕರೆ ಸಾಕು. ಇಲ್ಲದಿದ್ದರೆ ಎರಡು ಬಿದಿರು ಗಳು, ಒಂದು ಅಡ್ಡಪಟ್ಟಿ, ಒಂದು ದಾರ, ಒಂದು ಕಲ್ಲು ಸಾಲುತ್ತವೆ. ಆಳೆತ್ತರಕ್ಕೂ ತುಸು ಹೆಚ್ಚಿರುವ ಎರಡು ಸಮ ಗಳುಗಳನ್ನು ತಲೆ ಕೂಡಿಸಿ ಕಟ್ಟಿ, ಕಾಲು ಅಗಲಿಸಿ, ಸೊಂಟದ ಎತ್ತರಕ್ಕೆ ಅಡ್ಡಪಟ್ಟಿ ಬಿಗಿಯಿರಿ. ತಲೆಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ಚೌಕಟ್ಟನ್ನು ಒಂದು ಕಡೆ ನಿಲ್ಲಿಸಿ ದಾರ ಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಹಾಕಿ. ಕಾಲೂರಿದ ಅದೇ ಎರಡು ಜಾಗಗಳಲ್ಲಿ ಕಾಲು ಅದಲುಬದಲು ಮಾಡಿ ನಿಲ್ಲಿಸಿ ಇನ್ನೊಂದು ಗೆರೆ ಹಾಕಿ. ಎರಡರ ನಡುಮಧ್ಯೆ ದಾರ ನಿಂತಾಗಲೆಲ್ಲ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸುತ್ತ ಹೊಲದ ಅಡ್ಡಕ್ಕೆ ನಡೆಸಿಕೊಂಡು ಹೋದರೆ ಸಮಮಟ್ಟದ ಗೆರೆ ಸಿಗುತ್ತದೆ. ಮಕ್ಕಳಿಗೆ ಕೊಟ್ಟರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಈ ಗೆರೆ ನೇರವಾಗಿರುವುದಿಲ್ಲ, ಹಾವಿನಂತೆ ಹೊರಳುತ್ತದೆ. ಪಹಣಿಯ ಗಡಿಯಾದರೋ ನೆಟ್ಟಗೆ ಇರುತ್ತದೆ. ನಮ್ಮ ದೇಶದ ಜಲಾನಯನ ಕೆಲಸಗಳು ಎಡವಿದ್ದು ಬಹಳ ಕಡೆ ಇಲ್ಲಿಯೇ. ಸಮಮಟ್ಟದ ಗೆರೆಯ ಮೇಲೆ ಹಾಕುವ ಸಮಪಾತಳಿ ಬದು ತಾಂತ್ರಿಕವಾಗಿ ಸರಿಯಾದದ್ದು. ಆದರೆ ಅದು ಒಬ್ಬನ ಹೊಲವನ್ನು ಓರೆಯಾಗಿ ಸೀಳಿಕೊಂಡು ಹೋಗಿ ಇನ್ನೊಬ್ಬನ ಹೊಲದಲ್ಲಿ ಮುಗಿಯುತ್ತಿತ್ತು. ಮೂಲೆಯಲ್ಲಿ ಎತ್ತು ತಿರುಗಿಸಲಾಗದು, ಜಾಗ ಹಾಳು, ನೀರು ನಿಂತ ಲಾಭ ಪಕ್ಕದವನಿಗೆ. ಯೋಜನೆಯವರು ಹೊರಟ ಮೇಲೆ ಎಷ್ಟೋ ರೈತರು ಅಂಥ ಬದುಗಳನ್ನು ಉತ್ತು ಸಮ ಮಾಡಿದರು. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ತಲೆಮಾರುಗಳಿಂದ ರೈತರು ಬದು ಹಾಕಿಕೊಂಡು ಬಂದದ್ದು ಗಡಿಯಲ್ಲಿ. ಅದನ್ನು ಕಾಯುವ ಹೊಣೆ ಯಾರದೆಂದು ಅಲ್ಲಿ ಯಾರಿಗೂ ಅನುಮಾನವಿಲ್ಲ. ಸಣ್ಣ ಹಿಡುವಳಿಗೆ ನಾನು ಹೇಳಿಕೊಡುವುದು ಎರಡನ್ನೂ ಕೂಡಿಸುವ ದಾರಿ. ಬದು ಗಡಿಯಲ್ಲಿರಲಿ, ಉಳುಮೆ, ಬಿತ್ತನೆ, ಎಡೆಕುಂಟೆ ಮಾತ್ರ ಸಮಮಟ್ಟದ ಗೆರೆಗೆ ಹೊಂದಿಕೊಂಡು ಇಳಿಜಾರಿಗೆ ಅಡ್ಡಲಾಗಿ ನಡೆಯಲಿ. ಆಗ ಪ್ರತಿ ಸಾಲೂ ಒಂದು ಸಣ್ಣ ಬದುವೇ. ಟ್ರ್ಯಾಕ್ಟರಿನವರು ತಮ್ಮ ಅನುಕೂಲಕ್ಕೆ ಉದ್ದುದ್ದ ಉತ್ತು ಹೋಗುತ್ತಾರೆ. ಬಾಡಿಗೆಗೆ ಕರೆದಾಗ ಹೊಲದಲ್ಲಿಯೇ ನಿಂತು ಹೇಳಿ ಮಾಡಿಸಬೇಕು.

ಮಣ್ಣಿನ ಬಣ್ಣ ನೋಡದೆ ಬದು ಹಾಕಬೇಡಿ. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಅಲ್ಲಿ ಸಮಮಟ್ಟದ ಬದು ಸರಿ. ವಿಜಯಪುರ, ಗದಗ, ರಾಯಚೂರು ಕಡೆಯ ಎರೆಭೂಮಿಯಲ್ಲಿ ನೀರು ಒಮ್ಮೆ ನಿಂತರೆ ಬೇರು ಕೊಳೆಯುತ್ತದೆ, ಬದುವೂ ಬಿರುಕು ಬಿಟ್ಟು ಒಡೆಯುತ್ತದೆ. ಅಲ್ಲಿ ಹೆಚ್ಚಿನ ನೀರು ಮೆಲ್ಲಗೆ ಹರಿದು ಹೋಗುವಂತೆ ಬದುವಿಗೆ ತುಸು ಓಟ ಕೊಡಬೇಕು, ಕೊನೆಯಲ್ಲಿ ಕಲ್ಲಿನ ಕೋಡಿ ಕಟ್ಟಬೇಕು. ಹಿಂಗಾರಿ ಜೋಳ ಬಿತ್ತುವ ಎರೆಹೊಲಗಳಲ್ಲಿ ‘ಚೌಕು ಮಡಿ’ ಮಾಡುತ್ತಾರೆ: ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಹತ್ತು ಹದಿನೈದು ಅಡಿಯ ಚೌಕಗಳಾಗಿ ಸಣ್ಣ ಏರಿ ಎಬ್ಬಿಸಿ ಬಿಟ್ಟರೆ, ಬಿದ್ದ ಮಳೆ ಬಿದ್ದಲ್ಲಿಯೇ ಇಂಗಿ, ಹಿಂಗಾರಿಗೆ ಹದ ಸಿಗುತ್ತದೆ. ಈ ಒಣಭೂಮಿ ವಿದ್ಯೆಯನ್ನು ಹೊಲದಲ್ಲಿಟ್ಟು ಪರೀಕ್ಷಿಸುವ ಕೆಲಸ ನಮ್ಮಲ್ಲಿ 1930ರ ದಶಕದಲ್ಲಿಯೇ ಶುರುವಾಗಿತ್ತು. ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರಗಳು ಬಂದವು. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಸಂರಕ್ಷಣೆಯ ಕೇಂದ್ರವಿದೆ. ಹತ್ತಿರದವರು ಒಮ್ಮೆ ಹೋಗಿ ನೋಡಿ ಬನ್ನಿ.

ಹಾಕಿದ ಬದು ಬೋಳಾಗಿದ್ದರೆ ಎರಡು ಮಳೆಗಾಲಕ್ಕೆ ಕರಗುತ್ತದೆ. ಅದಕ್ಕೆ ಹುಲ್ಲು ಬೇಕು. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದರು. ಹುಲ್ಲಿನ ಬೇರು ನೇರ ಆಳಕ್ಕಿಳಿಯುತ್ತದೆ, ಪಕ್ಕದ ಬೆಳೆಗೆ ಹೆಚ್ಚು ಕಾಟ ಕೊಡುವುದಿಲ್ಲ, ದಟ್ಟವಾದ ಬುಡ ನೀರನ್ನು ಸೋಸಿ ಮಣ್ಣನ್ನು ಹಿಂದೆ ಹಿಡಿಯುತ್ತದೆ. ಭೂಸವಕಳಿಗೆ ಲಾವಂಚವನ್ನು 1980ರ ದಶಕದಿಂದ ದೇಶದೇಶಗಳಲ್ಲಿ ಪ್ರಚಾರ ಮಾಡಿದ ವಿಶ್ವಬ್ಯಾಂಕಿನ ತಜ್ಞರು ಈ ಗುಂಡ್ಲುಪೇಟೆಯ ಬೇಲಿಗಳನ್ನು ಉದಾಹರಣೆಯಾಗಿ ತೋರಿಸಿದ್ದರು. ನಮ್ಮ ಊರಿನ ಈ ತಿಳಿವಳಿಕೆ ನಮ್ಮಲ್ಲಿಯೇ ಮರೆತುಹೋಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬದುವಿನ ಮೇಲೆ ಗ್ಲಿರಿಸಿಡಿಯಾದ ಕಡ್ಡಿ ಊರಿದರೆ ಹಸಿರೆಲೆ ಗೊಬ್ಬರವಾಯಿತು. ಹೊಂಗೆ, ಬೇವು, ಹುಣಸೆಗಳಿಗೂ ಅಲ್ಲಿ ಜಾಗವಿದೆ. ಆದರೆ ನೀಲಗಿರಿ ಬೇಡ.

ಕೃಷಿ ಹೊಂಡದ ಬಗ್ಗೆ ಎಲ್ಲರೂ ಕೇಳಿರುತ್ತೀರಿ; 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಿಂದ ಅದು ಮನೆಮಾತಾಯಿತು. ಅದರಿಂದ ಏನು ನಿರೀಕ್ಷಿಸಬಹುದು ಎಂಬುದು ತಿಳಿದಿರಲಿ. ಮೇಲ್ಭಾಗ 30 ಅಡಿಗೆ 30 ಅಡಿ, ಆಳ 10 ಅಡಿ, ನಾಲ್ಕೂ ಕಡೆ ಇಳಿಜಾರಾಗಿ ತಳದಲ್ಲಿ 10 ಅಡಿಗೆ 10 ಅಡಿ ಉಳಿಯುವಂತೆ ತೋಡಿದ ಹೊಂಡದಲ್ಲಿ ನಿಲ್ಲುವುದು 1.2 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಬೇಕಾದದ್ದು 1 ಲಕ್ಷ ಲೀಟರಿಗೆ ತುಸು ಹೆಚ್ಚು. ಅಂದರೆ ತುಂಬಿದ ಹೊಂಡ ಒಂದು ಎಕರೆಗೆ ಒಂದೇ ಸಲದ ನೀರು. ಕಬ್ಬಿಗೆ, ಬಾಳೆಗೆ ಅದು ಎಲ್ಲಿಗೂ ಸಾಲದು. ಆದರೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಉತ್ತರೆ ಮಳೆ ಕೈಕೊಟ್ಟು ಎಲೆ ಸುರುಟಿದಾಗ, ಆ ಒಂದು ಇಂಚು ನೀರು ಫಸಲನ್ನು ಉಳಿಸುತ್ತದೆ. ಹೊಂಡ ಇರುವುದು ಆ ಒಂದು ದಿನಕ್ಕೆ. ಕೆಂಪು ಮಣ್ಣಿನಲ್ಲಾದರೆ ನೀರು ಇಂಗದಂತೆ ತಳಕ್ಕೆ ಹಾಸು ಬೇಕು. ಸುತ್ತ ಬೇಲಿಯಂತೂ ಎಲ್ಲ ಕಡೆ ಬೇಕೇ ಬೇಕು. ಹೊಂಡಕ್ಕೆ ಮಕ್ಕಳು ಬಿದ್ದ ಸುದ್ದಿ ಪ್ರತಿ ವರ್ಷವೂ ಓದುತ್ತೇವೆ. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡ ಮುಂದಿನ ವರ್ಷ ತೋಡಿಸಿ.

ಇನ್ನು ಹೊದಿಕೆ. ಇಲ್ಲಿ ನಮ್ಮ ಹಿರಿಯರ ಅಕ್ಕಡಿ ಸಾಲಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಕೂರಿಗೆಯಲ್ಲಿ ರಾಗಿ ಬಿತ್ತುತ್ತ, ಕೆಲವು ಸಾಲಿಗೊಮ್ಮೆ ಸಡ್ಡೆ ಎಂಬ ಬಿತ್ತುವ ಕೊಳವೆ ಕಟ್ಟಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಹರಳು ಬಿಡುತ್ತಿದ್ದರು. ರಾಗಿಯ ಬೇರು ಮೇಲ್ಪದರದಲ್ಲಿ ಹರಡುತ್ತದೆ, ತೊಗರಿಯದು ಆಳಕ್ಕಿಳಿಯುತ್ತದೆ. ದ್ವಿದಳದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ರಾಗಿ ಕೊಯ್ದ ಮೇಲೂ ಹೊಲ ಬರಿದಾಗದು. ಚಳಿಗೆ ಅವರೆ ಹೂವು ಬಿಟ್ಟು, ಸೊಗಡಿನ ಕಾಯಿ ಸಂಕ್ರಾಂತಿಯವರೆಗೂ ಮನೆಗೆ ಬರುತ್ತದೆ. ರಾಗಿ ಕೈಕೊಟ್ಟ ವರ್ಷ ಕಾಳಾದರೂ ಉಳಿಯುತ್ತದೆ. ಇಂದು ಕೃಷಿ ವಿಶ್ವವಿದ್ಯಾಲಯದವರೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಲು ಹೇಳುತ್ತಾರೆ. ಒಂದೇ ಬೆಳೆ ಹಾಕಿದರೆ ಯಂತ್ರದಲ್ಲಿ ಕೊಯ್ಯಲು ಸುಲಭ, ಅದನ್ನು ಒಪ್ಪುತ್ತೇನೆ. ಆದರೆ ಮೂರು ಎಕರೆಯ ಮನೆಗೆ ಆ ಅನುಕೂಲಕ್ಕಿಂತ ಅಡುಗೆಮನೆಯ ಕಾಳು ಮುಖ್ಯ.

ಕೊಯ್ಲಿನ ನಂತರ ಉಳಿದ ಕಡ್ಡಿ, ಸೋಗೆ, ತರಗು ಯಾವುದಕ್ಕೂ ಬೆಂಕಿ ಇಡಬೇಡಿ. ಸಾಲಿನ ನಡುವೆ ಹಾಸಿ, ಇಲ್ಲವೇ ಗುಂಡಿಗೆ ಹಾಕಿ ಕೊಳೆಸಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲು ಇರುತ್ತದೆ. ಅದು ಶೇ 0.5ಕ್ಕಿಂತ ಕಡಿಮೆಯಿದ್ದರೆ ಬಡವಾದ ಮಣ್ಣು, 0.75 ದಾಟಿದರೆ ಒಳ್ಳೆಯದು. ಉಳಿದ ಸಾಲುಗಳನ್ನು ಆಮೇಲೆ ನೋಡಿದರೂ ಆದೀತು, ಈ ಸಾಲನ್ನು ಮಾತ್ರ ಬರೆದಿಟ್ಟುಕೊಳ್ಳಿ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿದಾಗ ಅದು ಏರಿದ್ದರೆ ನಿಮ್ಮ ಕೆಲಸ ಸರಿದಾರಿಯಲ್ಲಿದೆ.

ದನಕುರಿಗಳ ವಿಚಾರಕ್ಕೆ ಬಂದರೆ, ಅಮೆರಿಕದ ದೊಡ್ಡ ಹುಲ್ಲುಗಾವಲು ಒಕ್ಕಲುಗಳಲ್ಲಿ ಈಗ ದನಗಳನ್ನು ಒಂದು ತುಂಡಿನಿಂದ ಇನ್ನೊಂದಕ್ಕೆ ಸರಿಸುತ್ತ, ಮೇಯ್ದ ತುಂಡಿಗೆ ವಿಶ್ರಾಂತಿ ಕೊಡುವ ಪದ್ಧತಿಗೆ ಬಹಳ ಮನ್ನಣೆಯಿದೆ. ಅದರ ತಿರುಳು ನಮ್ಮಲ್ಲಿ ಹಿಂದಿನಿಂದ ಇತ್ತು. ಮೈಸೂರು ಅರಸರು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ನಡೆಸಿದ, ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂದಾದ ದನಗಳ ಇಲಾಖೆಗೆ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರುಗಳಲ್ಲೆಲ್ಲ ಕಾವಲುಗಳೆಂಬ ಹುಲ್ಲುಗಾವಲುಗಳಿದ್ದವು. ಬೇಸಿಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ವಿಂಗಡಿಸಿ ದನ ಸಾಗಿಸುತ್ತಿದ್ದರು. ಹುಲ್ಲಿಗೆ ಬೀಜ ಕಟ್ಟಲು, ಬೇರಿಗೆ ಬಲ ಬರಲು ಕಾಲ ಸಿಗುತ್ತಿತ್ತು. ಆ ಕಾವಲುಗಳ ಬಹುಭಾಗ ಇಂದು ಬೇರೆ ಬೇರೆ ಕೆಲಸಕ್ಕೆ ಹೋಗಿದೆ, ಉಳಿದದ್ದನ್ನು ಉಳಿಸಲೇಬೇಕು. ನಿಮ್ಮ ಮೂರು ಎಕರೆಯಲ್ಲಿ ಕಾವಲು ಮಾಡಲಾಗದು ನಿಜ. ಬದುವಿನ ಹುಲ್ಲು ಕೊಯ್ದು ಕೊಟ್ಟಿಗೆಗೆ ತರುವುದು, ಒಂದು ಜೊತೆ ದನ ಅಥವಾ ನಾಲ್ಕು ಕುರಿ ಸಾಕುವುದು ಆಗುತ್ತದೆ. ಅದೂ ಕಷ್ಟವೆಂದರೆ ಬೇಸಿಗೆಯಲ್ಲಿ ಕುರಿಗಾರರನ್ನು ಕರೆಸಿ ಹೊಲದಲ್ಲಿ ಕುರಿ ತರುಬಿಸಿ. ಬಾಗಲಕೋಟೆ, ಕೊಪ್ಪಳ, ಬೆಳಗಾವಿ ಕಡೆಯ ಕುರುಬರು ಮಂದೆ ಹೊಡೆದುಕೊಂಡು ಊರೂರು ಸುತ್ತುತ್ತಾರೆ. ರಾತ್ರಿ ಮಂದೆ ನಿಂತ ಹೊಲಕ್ಕೆ ಹಿಕ್ಕೆ, ಗಂಜಲ ಎರಡೂ ನೇರವಾಗಿ ಬೀಳುತ್ತವೆ. ಅವರಿಗೆ ಕಾಳೋ ಹಣವೋ ಕೊಡುವುದು ವಾಡಿಕೆ. ಚೌಕಾಸಿ ಮಾಡಬೇಡಿ.

ಇಷ್ಟೆಲ್ಲ ಹೇಳುವಾಗ ಮನೆಮಂದಿಯೇ ಮಾಡುವ ಬೇಸಾಯದ ಮಾತನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ? ಒಂದು ಉದಾಹರಣೆ ನೋಡಿ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದ ಇಳಿಜಾರಿನಲ್ಲಿ ತೋಟ ಮಾಡಿದರು. ಕೂಲಿ ಕೆಲಸದಿಂದ ಬದುಕುತ್ತಿದ್ದವರು ಅವರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಮತ್ತೆ ಕೊರೆದರು, ಕೊನೆಗೆ ಸಿಕ್ಕಿತು. ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿ ಅಡಿಕೆ, ತೆಂಗು, ಬಾಳೆ ಬೆಳೆಸಿದರು. ಪಂಪಿಲ್ಲದೆ ನೀರು ತಾನಾಗಿ ಇಳಿದು ಬರುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾವ ಗುತ್ತಿಗೆದಾರನೂ ಇಂಥ ಕೆಲಸಕ್ಕೆ ದರ ಹೇಳಲಾರ, ಏಕೆಂದರೆ ಇದು ದಿನಕ್ಕಿಷ್ಟರಂತೆ ವರ್ಷಗಟ್ಟಲೆ ನಡೆಯುವ ಕೆಲಸ. ಬದುವೂ ಹಾಗೆಯೇ. ಜೆಸಿಬಿ ಒಂದೇ ದಿನದಲ್ಲಿ ಬದು ಎತ್ತಬಹುದು. ಹೆಗ್ಗಣ ಕೊರೆದ ಬಿಲದಲ್ಲಿ ನೀರು ನುಗ್ಗುತ್ತಿರುವುದನ್ನು ಮಳೆಯಲ್ಲಿ ಕಂಡು, ಆಗಲೇ ಒಂದು ಬುಟ್ಟಿ ಮಣ್ಣು ಹಾಕಿ ತುಳಿಯುವವರು ಮನೆಯವರೇ. ಆ ಹೊತ್ತಿನಲ್ಲಿ ಒಂದು ಬುಟ್ಟಿಯಿಂದ ಮುಗಿಯುವುದು ಬೆಳಗಾದರೆ ಟ್ರ್ಯಾಕ್ಟರ್ ಲೋಡು ಕೇಳುತ್ತದೆ. ಹೊಲದಿಂದ ನೂರು ಕಿಲೋಮೀಟರ್ ದೂರವಿದ್ದು, ತಿಂಗಳಿಗೊಮ್ಮೆ ಬಂದು ಹೋಗುತ್ತ ಮಣ್ಣು ಉಳಿಸುತ್ತೇನೆ ಎನ್ನುವವರಿಗೆ ನನ್ನ ಸ್ಪಷ್ಟ ಮಾತು: ಆಗುವುದಿಲ್ಲ. ಊರಿನಲ್ಲಿರುವ ಒಂದು ಕುಟುಂಬವನ್ನು ಪಾಲಿಗೆ ಸೇರಿಸಿಕೊಳ್ಳಿ, ಅವರಿಗೆ ನ್ಯಾಯವಾದ ಪಾಲು ಕೊಡಿ.

ಹಣದ ವಿಚಾರ ಮುಚ್ಚಿಡುವುದು ಸರಿಯಲ್ಲ. ಮೊದಲ ಎರಡು ಮೂರು ವರ್ಷ ಈ ಬದು, ಹೊದಿಕೆಗಳಿಂದ ಆದಾಯ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏರುವುದು ಮಣ್ಣಿನ ಹದ; ಬರದ ವರ್ಷ ಪಕ್ಕದ ಹೊಲಕ್ಕಿಂತ ನಿಮ್ಮ ಹೊಲ ಒಂದು ವಾರ ಹೆಚ್ಚು ಹಸಿರಾಗಿರುವುದು ಮೊದಲ ಗುರುತು. ಅಷ್ಟರವರೆಗೆ ಸಾಲ ಮಾಡಿ ಹೊಲದ ಸುತ್ತ ತಂತಿಬೇಲಿ, ಹೊಸ ಟ್ರ್ಯಾಕ್ಟರ್, ದುಬಾರಿ ಸಸಿಗಳನ್ನು ತರಬೇಡಿ. ಬದು, ಹೊಂಡಗಳಿಗೆ ಸರ್ಕಾರದ ನೆರವು ಯಾವ ಯೋಜನೆಯಲ್ಲಿ ಸಿಗುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿ ಜೊತೆಗಿರಲಿ.

ಕೊನೆಯದಾಗಿ ಒಂದು ಕೋರಿಕೆ. ಗುದ್ದಲಿ ಎತ್ತುವ ಮೊದಲು, ನಿಮ್ಮ ಹೊಲದ ಮೇಲಿನವರ ಮನೆಗೂ ಕೆಳಗಿನವರ ಮನೆಗೂ ಹೋಗಿ ಬನ್ನಿ. ಮೇಲಿನವರ ನೀರು ನಿಮ್ಮಲ್ಲಿಗೆ ಬರುತ್ತದೆ, ನಿಮ್ಮದು ಕೆಳಗಿನವರಲ್ಲಿಗೆ ಹೋಗುತ್ತದೆ. ನೀವು ಕೋಡಿ ಇಡುವ ಜಾಗದಿಂದ ಅವರ ಬೆಳೆ ಕೊಚ್ಚಿಹೋಗಬಹುದು, ನೀವು ಹಳೆಯ ಕಾಲುವೆ ಮುಚ್ಚಿದರೆ ಅವರ ಕಟ್ಟೆ ಒಣಗಬಹುದು. ಆ ಹೊಲದಲ್ಲಿ ನೀರು ಎತ್ತ ಹರಿಯುತ್ತದೆ ಎಂಬುದು ಅಲ್ಲಿಯ ಹಿರಿಯರಿಗೆ ಯಾವ ನಕ್ಷೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಹೊಲಕ್ಕೆ ಕರೆದು, ಗೂಟ ಹೊಡೆಯುವ ಜಾಗವನ್ನು ಅವರ ಬಾಯಿಂದಲೇ ಕೇಳಿ, ಆಮೇಲೆ ಕೆಲಸ ಶುರು ಮಾಡಿ.